ಕವಿತೆ ಕೇಳಿಸುವಂಥ ಕಾವ್ಯೋತ್ಸವ: ವಿಜಯಪುರದಂಥ ಊರಿನ ಸಂಘಟಕರಿಗೊಂದು ಮಾರ್ಗದರ್ಶಿ

ಜಿಲ್ಲಾ ಮಟ್ಟದ ಕವಿಗೋಷ್ಠಿಯ ಆಮಂತ್ರಣ ಪತ್ರಿಕೆಯನ್ನು ಬಿಡಿಸಿದರೆ ಸಾಮಾನ್ಯವಾಗಿ ಎರಡು ಉದ್ದನೆಯ ಪಟ್ಟಿಗಳು ಕಾಣುತ್ತವೆ: ಒಂದು ವೇದಿಕೆಯ ಮೇಲೆ ಕೂಡುವವರದು, ಇನ್ನೊಂದು ಕವಿತೆ ಓದುವವರದು. ನಲವತ್ತು ಕವಿಗಳಿಗೆ ಎರಡು ಗಂಟೆ ಕೊಟ್ಟರೆ ತಲೆಗೆ ಮೂರು ನಿಮಿಷ ಬರುತ್ತದೆ. ಹೆಸರು ಕರೆಯುವುದು, ಮೆಟ್ಟಿಲು ಹತ್ತುವುದು, ಗಣ್ಯರಿಗೆ ಒಬ್ಬೊಬ್ಬರಾಗಿ ನಮಸ್ಕರಿಸುವುದು, ಮೈಕು ಏರಿಸಿ ಇಳಿಸುವುದು ಇವೆಲ್ಲ ಆ ಮೂರು ನಿಮಿಷದಲ್ಲೇ ಆಗಬೇಕು. ಓದಿ ಮುಗಿಸಿದವರು ಊಟದ ಕಡೆಗೆ ಹೊರಡುತ್ತಾರೆ, ಇನ್ನೂ ಓದಬೇಕಾದವರು ತಮ್ಮ ಹಾಳೆಯನ್ನೇ ನೋಡುತ್ತ ಕೂತಿರುತ್ತಾರೆ. ಹೀಗಾಗಿ ಕವಿಗಳಿಂದಲೇ ತುಂಬಿದ ಸಭಾಂಗಣದಲ್ಲಿ ಕವಿತೆಯನ್ನು ಕೇಳುವವರು ಮಾತ್ರ ಇರುವುದಿಲ್ಲ.

ವಿಜಯಪುರದಲ್ಲಿ ಅಥವಾ ಅದರಂಥ ಜಿಲ್ಲಾ ಕೇಂದ್ರದಲ್ಲಿ, ಏಳೆಂಟು ಮಂದಿ ಸಮಾನಾಸಕ್ತರು ಸೇರಿ ಒಂದೂವರೆ ದಿನದ ಸಮಕಾಲೀನ ಕಾವ್ಯೋತ್ಸವ ನಡೆಸಬಯಸಿದರೆ ಯಾವ ಕೆಲಸವನ್ನು ಯಾವಾಗ, ಹೇಗೆ ಮಾಡಬೇಕೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ. ದಾರಿಯುದ್ದಕ್ಕೂ ಎದುರಾಗುವ ಪ್ರತಿ ನಿರ್ಧಾರಕ್ಕೂ ಒಂದೇ ಪ್ರಶ್ನೆ ಸಾಕು: ಇದರಿಂದ ಕವಿತೆ ಇನ್ನಷ್ಟು ಚೆನ್ನಾಗಿ ಕೇಳಿಸುತ್ತದೆಯೇ, ಇಲ್ಲವೇ?

ನಾಲ್ಕು ತಿಂಗಳು ಮೊದಲು: ದಿನ ಮತ್ತು ಅಳತೆ

ನಮ್ಮ ಸೀಮೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ಮಧ್ಯಾಹ್ನದ ಗೋಷ್ಠಿಗೆ ಜನರನ್ನು ಕರೆಯುವುದು ಅವರಿಗೆ ಶಿಕ್ಷೆ ಕೊಟ್ಟಂತೆ. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು, ಆದರೆ ಅದರಲ್ಲಿಯೂ ಎರಡು ದಿನಗಳನ್ನು ಬಿಡಬೇಕು. ಎಳ್ಳಮಾವಾಸ್ಯೆಗೆ ಹಳ್ಳಿಯ ಮನೆಗಳೆಲ್ಲ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಅರ್ಪಿಸಲು, ಹೊಲಕ್ಕೆ ಹೋಗಿರುತ್ತವೆ. ಸಂಕ್ರಾಂತಿಯ ಸುಮಾರಿಗೆ ಸಿದ್ಧೇಶ್ವರ ಜಾತ್ರೆ ಇರುವುದರಿಂದ ಊರಿನಲ್ಲಿ ಕೋಣೆಯೂ ಸುಲಭವಾಗಿ ಸಿಗುವುದಿಲ್ಲ, ಸದ್ದೂ ನಿಲ್ಲುವುದಿಲ್ಲ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಮತ್ತು ಪದವಿ ಕಾಲೇಜುಗಳ ಪರೀಕ್ಷಾ ವೇಳಾಪಟ್ಟಿಯನ್ನು ಮೊದಲೇ ವಿಚಾರಿಸಿಕೊಳ್ಳಿ. ಉತ್ಸವದ ಭಾಗವಾದ ಕಮ್ಮಟಕ್ಕೆ (ಕವಿತೆ ಬರೆಯುವವರ ಕಾರ್ಯಾಗಾರಕ್ಕೆ) ಬರಬೇಕಾದ ಎಳೆಯರಲ್ಲಿ ಹೆಚ್ಚಿನವರು ಅಲ್ಲಿಯೇ ಇದ್ದಾರೆ.

ಇತ್ತ ಕವಿತೆ ಬರೆಯುವವರಲ್ಲಿ ಶಾಲಾ ಶಿಕ್ಷಕರ ಪಾಲು ದೊಡ್ಡದು, ಮತ್ತು ಶನಿವಾರ ಅವರಿಗೆ ಬೆಳಗಿನ ಶಾಲೆ. ಆದ್ದರಿಂದ ಶನಿವಾರ ಮಧ್ಯಾಹ್ನ ಮೂರಕ್ಕೆ ಆರಂಭಿಸಿ ಭಾನುವಾರ ನಾಲ್ಕರೊಳಗೆ ಮುಗಿಸುವುದು ಅನುಕೂಲ. ಸಿಂದಗಿ, ಇಂಡಿ, ಮುದ್ದೇಬಿಹಾಳದ ಕಡೆಯವರಿಗೆ ಸಂಜೆಯ ಬಸ್ಸು ಸಿಗುತ್ತದೆ, ಒಂದು ರಾತ್ರಿಯ ವಸತಿಯಷ್ಟೇ ಖರ್ಚಾಗುತ್ತದೆ. ಶನಿವಾರ ಮೂರರಿಂದ ಆರರವರೆಗೆ ಕಮ್ಮಟದ ಮೊದಲ ಭಾಗ, ಆರೂವರೆಗೆ ಮೊದಲ ಗೋಷ್ಠಿ. ಭಾನುವಾರ ಒಂಬತ್ತರಿಂದ ಹನ್ನೆರಡರವರೆಗೆ ಕಮ್ಮಟದ ಎರಡನೆಯ ಭಾಗ, ಊಟಕ್ಕೆ ಮೊದಲು ಎರಡನೆಯ ಗೋಷ್ಠಿ, ಊಟದ ನಂತರ ಮೂರನೆಯದು. ಇಷ್ಟಕ್ಕಿಂತ ಹೆಚ್ಚು ತುರುಕಬೇಡಿ.

ಗೋಷ್ಠಿಗೆ ಐವರು ಕವಿಗಳು, ಪ್ರತಿಯೊಬ್ಬರಿಗೂ ಹತ್ತು ನಿಮಿಷ, ಕೊನೆಗೆ ಇಪ್ಪತ್ತು ನಿಮಿಷದ ಮಾತುಕತೆ, ನಿರೂಪಣೆಗೆ ಐದು ನಿಮಿಷ: ಒಟ್ಟು ಒಂದೂಕಾಲು ಗಂಟೆ. ಮೂರು ಗೋಷ್ಠಿಗೆ ಹದಿನೈದು ಕವಿಗಳಾದರು. ಜಿಲ್ಲೆಯಲ್ಲಿ ಇನ್ನೂರು ಕವಿಗಳಿರುವಾಗ ಹದಿನೈದೇ ಜನರೇ ಎಂಬ ಮಾತು ಖಂಡಿತ ಬರುತ್ತದೆ. ಉಳಿದವರನ್ನು ಕೇಳುಗರಾಗಿ ಗೌರವದಿಂದ ಕರೆಯಿರಿ, ಮುಂದಿನ ವರ್ಷ ಈ ಹದಿನೈದು ಹೆಸರುಗಳು ಮರಳಿ ಬರುವುದಿಲ್ಲವೆಂದು ಬರವಣಿಗೆಯಲ್ಲಿಯೇ ತಿಳಿಸಿ. ಸಂಘಟಕರು ತಮ್ಮ ಕವಿತೆಯನ್ನು ತಾವೇ ನಡೆಸುವ ಉತ್ಸವದಲ್ಲಿ ಓದದಿದ್ದರೆ ಅರ್ಧ ಆಕ್ಷೇಪಣೆಗಳು ಹುಟ್ಟುವುದೇ ಇಲ್ಲ.

ಕವಿತೆಗಳನ್ನು ಆಯುವುದು

ಏಳು ಜನರನ್ನು ನೀವೇ ಆಹ್ವಾನಿಸಿ, ಎಂಟು ಜನರನ್ನು ಬಂದ ಕವಿತೆಗಳಿಂದ ಆರಿಸಿ. ಪ್ರತಿಯೊಬ್ಬರೂ ನಾಲ್ಕೈದು ಕವಿತೆಗಳನ್ನು ಕಳಿಸಲಿ ಎಂದು ಎರಡು ತಿಂಗಳು ಮೊದಲೇ ಪ್ರಕಟಣೆ ಕೊಡಬೇಕು. ಬೆರಳಚ್ಚು ಯೂನಿಕೋಡಿನಲ್ಲಿರಲಿ, ಜೊತೆಗೆ ಪಿಡಿಎಫ್ ಕೂಡ ಬರಲಿ ಎಂದು ಸೂಚಿಸುವುದು ಚಿಕ್ಕ ವಿಷಯವೆನಿಸಿದರೂ ಮುಖ್ಯ: ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬಂದದ್ದು ಇನ್ನೊಬ್ಬರ ಮೊಬೈಲಿನಲ್ಲಿ ಗೊಜಲಾಗಿ ಕಾಣುತ್ತದೆ, ವಾಟ್ಸಾಪಿನಲ್ಲಿ ಕಳಿಸಿದ ಉದ್ದನೆಯ ಸಾಲು ಪರದೆಯ ಅಗಲಕ್ಕೆ ತಕ್ಕಂತೆ ಮುರಿದು, ಕವಿ ಎಲ್ಲಿ ನಿಲ್ಲಿಸಿದ್ದರೆಂಬುದೇ ತಿಳಿಯುವುದಿಲ್ಲ. ಕೈಬರಹದ ಹಾಳೆಯ ಸ್ಪಷ್ಟ ಫೋಟೋ ಬಂದರೆ ಅದನ್ನೂ ಸ್ವೀಕರಿಸಿ. ಟೈಪಿಂಗ್ ಬಾರದವರು ಕವಿಗಳಲ್ಲವೆಂದೇನೂ ಅಲ್ಲ.

ಒಬ್ಬ ಸಂಚಾಲಕರು ಕವಿತೆಗಳಿಂದ ಹೆಸರು, ಊರು, ಹುದ್ದೆಗಳನ್ನು ತೆಗೆದು ಅಂಕೆ ಹಾಕಿ ಮೂವರು ಓದುಗರಿಗೆ ಕೊಡಬೇಕು. ಆ ಮೂವರಲ್ಲಿ ಒಬ್ಬರು ಜಿಲ್ಲೆಯ ಹೊರಗಿನವರಾಗಿರಲಿ, ಒಬ್ಬರಂತೂ ಕವಿತೆ ಬರೆಯದ, ಆದರೆ ಓದುವ ಅಭ್ಯಾಸವಿರುವವರಾಗಿರಲಿ. ಅಂಕ ಹಾಕುವ ಬದಲು ಆರಿಸಿದ ಪ್ರತಿ ಕವಿಯ ಬಗ್ಗೆ ಒಂದು ವಾಕ್ಯ ಬರೆಯಲು ಅವರನ್ನು ಕೋರಿ. ಮಾತುಕತೆಯಲ್ಲಿ ನಿರೂಪಕರಿಗೆ ಅದೇ ವಾಕ್ಯ ಉಪಯೋಗಕ್ಕೆ ಬರುತ್ತದೆ. ಆಯ್ಕೆಯಾದ ಮೇಲೆ ಹೆಸರುಗಳನ್ನು ಬಿಚ್ಚಿ ನೋಡಿ, ಒಂದೇ ತಾಲ್ಲೂಕು, ಒಂದೇ ಬಳಗ, ಗಂಡಸರೇ ತುಂಬಿಕೊಂಡಿದ್ದರೆ ಆಹ್ವಾನಿತರ ಏಳು ಸ್ಥಾನಗಳಿಂದ ಸರಿದೂಗಿಸಿ. ಮಹಿಳಾ ಗೋಷ್ಠಿ ಎಂದು ಪ್ರತ್ಯೇಕವಾಗಿ ಮಾಡಿ, ಅದನ್ನು ಮಧ್ಯಾಹ್ನದ ಊಟದ ನಂತರ ಇಡುವ ರೂಢಿಯನ್ನು ಮಾತ್ರ ಇನ್ನಾದರೂ ಕೈಬಿಡಬೇಕು.

ಆಯ್ಕೆಯಾಗದವರಿಗೂ ಎರಡು ಸಾಲಿನ ಪತ್ರ ಹೋಗಬೇಕು. ಉತ್ತರವೇ ಬಾರದಿರುವುದು ನಿರಾಕರಣೆಗಿಂತ ಹೆಚ್ಚು ನೋಯಿಸುತ್ತದೆ.

ಕಮ್ಮಟ

ಉತ್ಸವದ ತಿರುಳು ಇದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಕಮ್ಮಟವೆಂದರೆ ‘ಕಾವ್ಯ ಎಂದರೇನು’ ಎಂಬ ಉಪನ್ಯಾಸವಲ್ಲ. ಹದಿನೈದು ಜನ ಶಿಬಿರಾರ್ಥಿಗಳು ಸುತ್ತಲೂ ಕೂತು, ಪರಸ್ಪರರ ಕವಿತೆಗಳನ್ನು ಕೈಯಲ್ಲಿ ಹಿಡಿದು, ಸಾಲು ಸಾಲಾಗಿ ಓದುವ ಕೆಲಸ ಅದು. ಸಂಖ್ಯೆ ಹದಿನೈದನ್ನು ಮೀರಬಾರದು ಎಂಬುದಕ್ಕೆ ಲೆಕ್ಕವಿದೆ: ಮೂರು ಮೂರು ಗಂಟೆಯ ಎರಡು ಭಾಗ ಸೇರಿ 360 ನಿಮಿಷ, ಒಬ್ಬೊಬ್ಬರ ಕವಿತೆಗೆ ಹದಿನೈದು ನಿಮಿಷದಂತೆ 225 ನಿಮಿಷ, ಚಹಾಕ್ಕೆ ಅರ್ಧ ಗಂಟೆ, ಉಳಿದ 105 ನಿಮಿಷ ಅಭ್ಯಾಸಗಳಿಗೆ. ಇಪ್ಪತ್ತೈದು ಜನರನ್ನು ಸೇರಿಸಿದರೆ ಅಭ್ಯಾಸವೂ ಇಲ್ಲ, ಓದೂ ಇಲ್ಲ.

ಪ್ರತಿಯೊಬ್ಬರೂ ಒಂದೊಂದು ಕವಿತೆಯನ್ನು ವಾರ ಮೊದಲೇ ಕಳಿಸಿರಬೇಕು. ಹದಿನೈದೂ ಕವಿತೆಗಳ ಝೆರಾಕ್ಸ್ ಕಟ್ಟು ಎಲ್ಲರ ಕೈಯಲ್ಲಿರಬೇಕು. ಓದಿನ ಕ್ರಮ ಹೀಗಿರಲಿ. ಕವಿತೆಯನ್ನು ಮೊದಲು ಬರೆದವರಲ್ಲದೆ ಬೇರೊಬ್ಬರು ಗಟ್ಟಿಯಾಗಿ ಓದುತ್ತಾರೆ. ಅವರ ನಾಲಿಗೆ ಎಲ್ಲಿ ತೊಡರಿತು, ಎಲ್ಲಿ ತಪ್ಪಾದ ಜಾಗದಲ್ಲಿ ಉಸಿರು ಬಿಟ್ಟರು ಎಂಬುದನ್ನು ಬರೆದವರು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆ ಎಂಟು ನಿಮಿಷ ಉಳಿದವರು ಮಾತಾಡುತ್ತಾರೆ, ಬರೆದವರು ಸುಮ್ಮನಿರುತ್ತಾರೆ. ಕೊನೆಯ ಮೂರು ನಿಮಿಷದಲ್ಲಿ ಅವರು ಸಮರ್ಥನೆ ಕೊಡುವ ಬದಲು ಪ್ರಶ್ನೆ ಕೇಳಬೇಕು. ‘ಚೆನ್ನಾಗಿದೆ’, ‘ಮನಮುಟ್ಟುವಂತಿದೆ’ ಎಂಬ ಮಾತುಗಳಿಗೆ ಯಾವ ಸಾಲು ಎಂದು ತೋರಿಸಿದಾಗ ಮಾತ್ರ ಬೆಲೆ ಎಂಬ ನಿಯಮವನ್ನು ಕಮ್ಮಟದ ನಿರ್ದೇಶಕರು ಆರಂಭದಲ್ಲಿಯೇ ಹೇಳಿಬಿಡಬೇಕು. ತೀರ ಖಾಸಗಿ ಸಂಕಟದಿಂದ ಬಂದ ಕವಿತೆಯನ್ನು ಕೊನೆಯ ಗಳಿಗೆಯಲ್ಲಿ ಹಿಂದಕ್ಕೆ ಪಡೆಯುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು, ಕಾರಣ ಕೇಳಬಾರದು.

ಅಭ್ಯಾಸಗಳಿಗೆ ನಮ್ಮ ಸೀಮೆಯಲ್ಲಿ ಸಾಮಗ್ರಿಗೆ ಬರವಿಲ್ಲ. ಮೊದಲನೆಯದು ತ್ರಿಪದಿಯಿಂದ ಶುರುವಾಗಲಿ. ನಮಗೆ ದೊರೆತ ಅತ್ಯಂತ ಹಳೆಯ ಕನ್ನಡ ತ್ರಿಪದಿ ಇರುವುದು ನೆರೆಯ ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲು ಎಲ್ಲರಿಗೂ ಬರುತ್ತದೆ, ಆದರೆ ಅದರ ನಡಿಗೆಯನ್ನು ಕೈತಟ್ಟಿ ನೋಡಿದವರು ಕಡಿಮೆ. ಇತ್ತ ಭೀಮಾ ನದಿಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವಾಗಿ ಬಂದವು. ಬೀಸುವ ಪದ ಹಾಡಬಲ್ಲ ಹಿರಿಯ ಹೆಣ್ಣುಮಗಳೊಬ್ಬರನ್ನು ಹತ್ತಿರದ ಹಳ್ಳಿಯಿಂದ ಕರೆತಂದು, ಅತಿಥಿ ಕವಿಗೆ ಕೊಡುವಷ್ಟೇ ಗೌರವಧನ ಕೊಟ್ಟು, ಅರ್ಧ ಗಂಟೆ ಹಾಡಿಸಿ. ಶಿಬಿರಾರ್ಥಿಗಳು ಕೈತಟ್ಟುತ್ತ ಸಾಲು ಎಲ್ಲಿ ಏರಿತು, ಎಲ್ಲಿ ಇಳಿಯಿತು, ಯಾವ ಸಾಲನ್ನು ಎರಡು ಸಲ ಹಾಡಿದರು ಎಂದು ಬರೆದುಕೊಳ್ಳಲಿ. ಛಂದಸ್ಸಿನ ಪುಸ್ತಕ ತೆರೆಯಬೇಕಾದದ್ದು ಆಮೇಲೆ: ಮೂರು ಸಾಲಿಗೆ ನಾಲ್ಕು, ನಾಲ್ಕು, ಮೂರು ಎಂದು ಹನ್ನೊಂದು ಗಣ (ಸಾಲಿನ ನಡಿಗೆಯ ಘಟಕ), ಆರನೆಯದೂ ಹತ್ತನೆಯದೂ ಚಿಕ್ಕದಾದ ಬ್ರಹ್ಮಗಣ, ಉಳಿದವು ಅದಕ್ಕಿಂತ ದೊಡ್ಡ ವಿಷ್ಣುಗಣ. ಕಿವಿ ಮೊದಲು ಹಿಡಿದದ್ದಕ್ಕೆ ಲಕ್ಷಣ ಕೂಡಿಬಂದಾಗ ಎಳೆಯರ ಮುಖದಲ್ಲಿ ಕಾಣುವ ಬೆರಗು ಉಪನ್ಯಾಸದಿಂದ ಹುಟ್ಟುವಂಥದ್ದಲ್ಲ. ಇದರ ಉದ್ದೇಶ ಎಲ್ಲರಿಂದ ತ್ರಿಪದಿ ಬರೆಸುವುದಲ್ಲ. ಮುಕ್ತಛಂದದಲ್ಲಿ ಬರೆಯುವವರಿಗೂ ಸಾಲು ಎಲ್ಲಿ ಮುರಿಯಬೇಕೆಂಬ ಅರಿವು ಕಿವಿಯಿಂದಲೇ ಬರಬೇಕಾಗಿದೆ.

ಎರಡನೆಯ ಅಭ್ಯಾಸ ಅದೇ ಸಾಲು ಮುರಿಯುವುದರ ಬಗ್ಗೆ. ಒಂದು ಸಾದಾ ಗದ್ಯವಾಕ್ಯವನ್ನು ಕೊಡಿ, ಉದಾಹರಣೆಗೆ: ‘ಬಾವಿ ಬತ್ತಿದ ಮೇಲೆ ಹಗ್ಗವನ್ನು ಅವ್ವ ದನ ಕಟ್ಟಲು ಬಳಸಿದಳು.’ ಇದನ್ನು ಒಬ್ಬರು ಹೀಗೆ ಮುರಿಯಬಹುದು:

ಬಾವಿ ಬತ್ತಿದ ಮೇಲೆ ಹಗ್ಗವನ್ನು
ಅವ್ವ
ದನ ಕಟ್ಟಲು ಬಳಸಿದಳು.

ಇನ್ನೊಬ್ಬರು ಹೀಗೆ:

ಬಾವಿ ಬತ್ತಿದ ಮೇಲೆ
ಹಗ್ಗವನ್ನು
ಅವ್ವ ದನ ಕಟ್ಟಲು ಬಳಸಿದಳು.

ಮೊದಲನೆಯದರಲ್ಲಿ ಭಾರವೆಲ್ಲ ಅವ್ವನ ಮೇಲೆ ಬೀಳುತ್ತದೆ. ಎರಡನೆಯದರಲ್ಲಿ ಹಗ್ಗ ಒಂದು ಗಳಿಗೆ ತಾನೇ ನೇತಾಡುತ್ತದೆ, ಅದರ ಗತಿ ಏನಾಯಿತೋ ಎಂದು ಕೇಳುಗರು ಕಾಯುತ್ತಾರೆ. ಎರಡನ್ನೂ ಗಟ್ಟಿಯಾಗಿ ಓದಿಸಿ. ಓದುವಾಗ ವ್ಯತ್ಯಾಸ ಕೇಳಿಸದಿದ್ದರೆ ಆ ಮುರಿತ ಕಾಗದದ ಮೇಲಿನ ಅಲಂಕಾರ ಮಾತ್ರ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೂರನೆಯ ಅಭ್ಯಾಸ ಸುಲಭವಾಗಿ ಕಂಡರೂ ಅತ್ಯಂತ ಹೆಚ್ಚು ಗಲಾಟೆ ಎಬ್ಬಿಸುವಂಥದು: ಪ್ರತಿಯೊಬ್ಬರೂ ತಮ್ಮ ಕವಿತೆಯ ಕೊನೆಯ ನಾಲ್ಕು ಸಾಲುಗಳನ್ನು ಬೆರಳಿನಿಂದ ಮುಚ್ಚಿ ಓದಬೇಕು. ನಮ್ಮ ಕವಿತೆಗಳಲ್ಲಿ ಬಹಳಷ್ಟು ಕೊನೆಗೆ ಬಂದಾಗ ಉಪದೇಶಕ್ಕೆ ತಿರುಗುತ್ತವೆ, ಅಷ್ಟರವರೆಗೆ ಕಂಡದ್ದನ್ನು ಬಿಟ್ಟು ಸಮಾಜಕ್ಕೆ ಕರೆ ಕೊಡತೊಡಗುತ್ತವೆ. ಮುಚ್ಚಿದ ಕವಿತೆ ಮೇಲೋ, ತೆರೆದದ್ದು ಮೇಲೋ ಎಂದು ಕೈ ಎತ್ತಿಸಿ ನೋಡಿ. ತೀರ್ಪು ಕೊಡುವುದು ನಿರ್ದೇಶಕರ ಕೆಲಸವಲ್ಲ, ಎತ್ತಿದ ಕೈಗಳೇ ಸಾಕಷ್ಟು ಹೇಳುತ್ತವೆ.

ಸಮಯ ಉಳಿದರೆ ಆಡುನುಡಿಯ ಪ್ರಶ್ನೆಯನ್ನೂ ಎತ್ತಿಕೊಳ್ಳಬಹುದು. ಮನೆಯಲ್ಲಿ ‘ಹೋಗ್ಯಾನ’, ‘ಬಂದಾಳ’ ಎನ್ನುವವರು ಕವಿತೆಯಲ್ಲಿ ಮಾತ್ರ ‘ಹೋಗಿರುವನು’, ‘ಬಂದಿರುವಳು’ ಎಂದು ಬರೆಯುವುದೇಕೆ? ಒಂದೇ ಪದ್ಯವನ್ನು ಎರಡೂ ನುಡಿಗಳಲ್ಲಿ ಬರೆಸಿ ಓದಿಸಿದರೆ ಯಾವುದು ಎಲ್ಲಿ ಹೊಂದುತ್ತದೆಂದು ಅವರೇ ಕಂಡುಕೊಳ್ಳುತ್ತಾರೆ. ಆಡುನುಡಿಯೆಂದ ಮಾತ್ರಕ್ಕೆ ಕವಿತೆ ಜೀವಂತವಾಗಿಬಿಡುತ್ತದೆ ಎಂಬ ಭ್ರಮೆಯೂ ಬೇಡ.

ಎರಡು ನುಡಿಯ ಗೋಷ್ಠಿ

ಬಿಜಾಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನು (ಆಳ್ವಿಕೆ 1580–1627) ದಖನಿಯಲ್ಲಿ, ಅಂದರೆ ದಕ್ಷಿಣದ ಉರ್ದುವಿನಲ್ಲಿ, ‘ಕಿತಾಬ್-ಎ-ನೌರಸ್’ ಎಂಬ ಹಾಡುಗಳ ಕೃತಿ ರಚಿಸಿದ ಊರು ಇದು; ಉತ್ತರಕ್ಕೆ ಹೊರಟರೆ ಸೊಲ್ಲಾಪುರದ ಮರಾಠಿಯೂ ದೂರವಿಲ್ಲ. ಮೂರು ಗೋಷ್ಠಿಗಳಲ್ಲಿ ಒಂದರಲ್ಲಾದರೂ ಉರ್ದು, ದಖನಿ ಅಥವಾ ಮರಾಠಿ ಕವಿಗಳು ಇಬ್ಬರಿರಲಿ. ಮೂಲವನ್ನು ಮೊದಲು ಪೂರ್ತಿಯಾಗಿ ಓದಿ, ಆಮೇಲೆ ಕನ್ನಡ ಅನುವಾದವನ್ನು ಓದಬೇಕು. ಸಾಲಿಗೊಮ್ಮೆ ನಿಲ್ಲಿಸಿ ಅನುವಾದಿಸಿದರೆ ಎರಡೂ ಕೆಡುತ್ತವೆ. ಮೂಲವನ್ನು ಕನ್ನಡ ಲಿಪಿಯಲ್ಲಿ, ಪಕ್ಕದಲ್ಲಿ ಅನುವಾದವನ್ನು ಒಂದೇ ಹಾಳೆಯಲ್ಲಿ ಅಚ್ಚು ಮಾಡಿಸಿ ಹಂಚುವುದಕ್ಕೆ ದೊಡ್ಡ ಖರ್ಚೇನೂ ಆಗುವುದಿಲ್ಲ.

ಉರ್ದು ಕವಿಗೋಷ್ಠಿಯಾದ ಮುಶಾಯಿರಾದ ಒಂದು ರೂಢಿಯನ್ನು ನಾವು ಎರವಲು ಪಡೆಯಬಹುದು. ಅಲ್ಲಿ ಶೇರ್ (ದ್ವಿಪದಿ) ಹಿಡಿಸಿದರೆ ಕೇಳುಗರು ‘ಮುಕರ್ರರ್’ ಎಂದು ಕೂಗಿ ಮತ್ತೊಮ್ಮೆ ಓದಿಸುತ್ತಾರೆ. ನಮ್ಮ ಗೋಷ್ಠಿಗಳಲ್ಲಿ ಕೇಳುಗರಿಗೆ ಚಪ್ಪಾಳೆಯ ಹೊರತು ಬೇರೆ ಕೆಲಸವಿಲ್ಲ. ಗೋಷ್ಠಿಗೆ ಎರಡು ಸಲ, ಯಾರಾದರೂ ‘ಇನ್ನೊಮ್ಮೆ ಓದ್ರಿ’ ಎನ್ನಬಹುದೆಂದು ನಿರೂಪಕರು ಮೊದಲೇ ಹೇಳಿಬಿಡಲಿ. ಸಭೆ ಕಿವಿ ನೆಟ್ಟು ಕೂಡುವುದನ್ನು ನೀವೇ ಕಾಣುವಿರಿ.

ಸಭಾಂಗಣ ಮತ್ತು ಧ್ವನಿ

1656ರಲ್ಲಿ ಮುಗಿದ ಗೋಳಗುಮ್ಮಟದ ಒಳಗುಮ್ಮಟ ಸುಮಾರು 38 ಮೀಟರ್ ಅಗಲವಿದೆ. ಮೇಲಿನ ಸುತ್ತುಗಟ್ಟೆಯಲ್ಲಿ ಪಿಸುಗುಟ್ಟಿದ್ದು ಎದುರುಬದಿಗೆ ಕೇಳಿಸುತ್ತದೆ, ಒಂದು ಚಪ್ಪಾಳೆ ಏಳೆಂಟು ಸಲ ಮರಳುತ್ತದೆ. ಹೊರಗಿನಿಂದ ಬಂದ ಕವಿಗಳನ್ನು ಅಲ್ಲಿಗೆ ಕರೆದೊಯ್ಯುವುದು ಸರಿಯೇ. ಆದರೆ ಕವಿತೆಗೆ ಬೇಕಾದದ್ದು ಅದಕ್ಕೆ ತೀರ ವಿರುದ್ಧವಾದ ಕಟ್ಟಡ: ಹಿಂದಿನ ಪದದ ಸದ್ದು ಅಡಗಿದ ಮೇಲೆಯೇ ಮುಂದಿನ ಪದ ಕಿವಿಗೆ ಬೀಳಬೇಕು. ಖಾಲಿ ಸಭಾಂಗಣದ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ತಕ್ಷಣ ಸತ್ತರೆ ಒಳ್ಳೆಯದು, ಎಳೆದುಕೊಂಡು ಹೋದರೆ ಗೋಡೆಗಳಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನೆ ಹಾಸಬೇಕು. ಗ್ರಾನೈಟ್ ನೆಲ, ತಗಡಿನ ಮಾಡು ಇರುವ ಮಂಗಲ ಕಾರ್ಯಾಲಯಗಳನ್ನು ಬಾಡಿಗೆ ಕಡಿಮೆಯೆಂಬ ಕಾರಣಕ್ಕೆ ಒಪ್ಪಿಕೊಳ್ಳಬೇಡಿ. ನೂರು ಜನ ಬರುವ ಕಾರ್ಯಕ್ರಮಕ್ಕೆ ದೊಡ್ಡ ರಂಗಮಂದಿರವೂ ಬೇಡ. ಅಲ್ಲಿ ಅಷ್ಟೇ ಜನ ಅನಾಥರಂತೆ ಕಾಣುತ್ತಾರೆ. ಕಾಲೇಜಿನ ಮಧ್ಯಮ ಗಾತ್ರದ ಸಭಾಂಗಣ, ಅರ್ಧವೃತ್ತವಾಗಿ ಹಾಕಿದ ಕುರ್ಚಿಗಳು, ಒಂದಡಿ ಎತ್ತರದ ವೇದಿಕೆ ಸಾಕು.

ಮೈಕಿನವರಿಗೆ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು: ಮದುವೆ, ಆರ್ಕೆಸ್ಟ್ರಾಗಳ ರೂಢಿಯಲ್ಲಿ ಅವರು ಧ್ವನಿಗೆ ‘ಎಕೋ’ ಸೇರಿಸಿಯೇ ಇಟ್ಟಿರುತ್ತಾರೆ; ಅದನ್ನು ಪೂರ್ತಿ ತೆಗೆಸಿ. ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇದ್ದರೆ ‘ಪ’, ‘ಫ’, ‘ಭ’ಗಳ ಉಸಿರು ಅದಕ್ಕೆ ಬಡಿದು ಢಬ್ ಎನ್ನುವುದಿಲ್ಲ. ಕರೆಂಟು ಹೋದಾಗಲೂ ಓದು ನಿಲ್ಲದಂತೆ ಮೈಕಿಗೆ ಯುಪಿಎಸ್ ಇರಲಿ, ಜನರೇಟರ್ ಇಟ್ಟರೆ ಕಟ್ಟಡದ ಹಿಂದೆ ದೂರ ಇರಲಿ. ಬಯಲಿನಲ್ಲಿ ನಡೆಸುವುದಾದರೆ ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇಕು, ಮತ್ತು 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಅದನ್ನು ಬಳಸುವಂತಿಲ್ಲ.

ಕವಿಗಳಿಗೆ ಕಳಿಸಬೇಕಾದ ಪತ್ರ

ಎರಡು ವಾರ ಮೊದಲು ಹದಿನೈದೂ ಕವಿಗಳಿಗೆ ಒಂದು ಪುಟದ ಸೂಚನೆ ಹೋಗಲಿ. ಇಪ್ಪತ್ತನಾಲ್ಕು ಸಾಲಿನ ಕವಿತೆಯೊಂದನ್ನು ಸಾವಧಾನವಾಗಿ ಓದಲು ಸುಮಾರು ಎರಡು ನಿಮಿಷ ಬೇಕಾಗುವುದರಿಂದ ಹತ್ತು ನಿಮಿಷಕ್ಕೆ ನಾಲ್ಕು ಕವಿತೆ ಸಾಕು. ಉಳಿದ ಎರಡು ನಿಮಿಷ ಕವಿತೆಗಳ ನಡುವಿನ ಮೌನಕ್ಕೆ ಮತ್ತು ಒಂದೆರಡು ಮಾತಿಗೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿಕೊಂಡು ಬರಲಿ, ಮನಸ್ಸಿನಲ್ಲಿ ಓದಿದ ಲೆಕ್ಕ ಯಾವಾಗಲೂ ಸುಳ್ಳಾಗುತ್ತದೆ. ಕವಿತೆಗಳು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲಿರಲಿ. ಮೊಬೈಲಿನಲ್ಲಿ ಓದುವಾಗ ಕರೆ ಬಂದು ಪರದೆ ಮಾಯವಾಗುವುದನ್ನು ಎಲ್ಲರೂ ಕಂಡಿದ್ದೇವೆ. ಕವಿತೆಯ ಅರ್ಥವನ್ನು ಮೊದಲೇ ವಿವರಿಸಿ ಆಮೇಲೆ ಓದುವವರಿದ್ದಾರೆ. ಅವರಿಗೆ ವಿನಯದಿಂದಲೇ ಹೇಳಬೇಕು: ವಿವರಣೆ ಬೇಡ.

ಓದುವ ಕ್ರಮವನ್ನು ವಯಸ್ಸಿನ ಮೇಲೆ ನಿರ್ಧರಿಸಬೇಡಿ. ಹಾಡುವ ಅಥವಾ ಅಭಿನಯಿಸುವ ಕವಿಯ ನಂತರ ಮೆಲುದನಿಯ ಕವಿಯನ್ನು ನಿಲ್ಲಿಸಿದರೆ ಎರಡನೆಯವರಿಗೆ ಅನ್ಯಾಯವಾಗುತ್ತದೆ. ಹಾಡುವವರನ್ನು, ಅಭಿನಯಿಸುವವರನ್ನು ಗೋಷ್ಠಿಯ ಕೊನೆಗೆ ಇಡಿ. ನಿರೂಪಕರು ಕವಿಯ ಬಗ್ಗೆ ಎರಡೇ ವಾಕ್ಯ ಹೇಳಬೇಕು, ಪ್ರಶಸ್ತಿಗಳ ಪಟ್ಟಿ ಓದಬಾರದು, ಕವಿತೆ ಮುಗಿದ ಮೇಲೆ ಅದರ ಭಾವಾರ್ಥ ಹೇಳಲೇಬಾರದು.

ಉದ್ಘಾಟನೆ, ಹಣ, ಊಟ

ಉದ್ಘಾಟನೆಗೆ ಇಪ್ಪತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಬೇಡ. ಬಂದ ಗಣ್ಯರು ಭಾಷಣದ ಬದಲು ತಮಗಿಷ್ಟವಾದ ಕನ್ನಡ ಕವಿತೆಯೊಂದನ್ನು ಓದಲಿ ಎಂದು ಆಮಂತ್ರಣದಲ್ಲಿಯೇ ಕೋರಿದರೆ ಬಹಳಷ್ಟು ಜನ ಸಂತೋಷದಿಂದ ಒಪ್ಪುತ್ತಾರೆ, ಒಪ್ಪದವರು ತಾವಾಗಿಯೇ ತಪ್ಪಿಸಿಕೊಳ್ಳುತ್ತಾರೆ; ಎರಡೂ ಲಾಭವೇ. ಶಾಲು, ಹಾರ, ತುರಾಯಿ, ಫಲಪುಷ್ಪ, ನೆನಪಿನ ಕಾಣಿಕೆಗಳಿಗೆ ಆಗುವ ಖರ್ಚನ್ನು ಕೂಡಿಸಿ ನೋಡಿ, ಅದೇ ಹಣವನ್ನು ಹದಿನೈದು ಜನರಿಗೆ ಸಮನಾದ ಗೌರವಧನವಾಗಿ ಹಂಚಬಹುದು. ಹಿರಿಯರಿಗೆ ಹೆಚ್ಚು, ಕಿರಿಯರಿಗೆ ಕಡಿಮೆ ಎಂಬ ತಾರತಮ್ಯ ಬೇಡ. ಬಸ್ಸಿನ ಖರ್ಚನ್ನು ಲಕೋಟೆಯಲ್ಲಿ ಹಾಕಿ ಅದೇ ದಿನ ಕೈಗೆ ಕೊಡಿ. ರಾತ್ರಿ ಉಳಿಯುವ ಮಹಿಳೆಯರ ವಸತಿ ಸಭಾಂಗಣಕ್ಕೆ ಹತ್ತಿರವಿರಲಿ, ಸಂಜೆಯ ಗೋಷ್ಠಿ ಮುಗಿದ ಮೇಲೆ ಅಲ್ಲಿಗೆ ಕರೆದೊಯ್ಯುವ ಹೊಣೆ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಇರಲಿ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇದ್ದರೆ ದೂರು ಬರುವುದಿಲ್ಲ.

ಓದುವವರಿಂದ ನೋಂದಣಿ ಶುಲ್ಕ ಪಡೆದು ಪ್ರಮಾಣಪತ್ರ ಕೊಡುವ ಪದ್ಧತಿ ಈಚೆಗೆ ಹಬ್ಬುತ್ತಿದೆ. ಕಮ್ಮಟದ ಊಟ ಮತ್ತು ಝೆರಾಕ್ಸಿಗೆ ಅಲ್ಪ ಮೊತ್ತ ಪಡೆಯುವುದು ಬೇರೆ, ವೇದಿಕೆಯನ್ನು ಮಾರುವುದು ಬೇರೆ.

ಮುಗಿದ ನಂತರ

ಧ್ವನಿಮುದ್ರಣ ಮಾಡುವುದಾದರೆ ಓದುವ ಮೊದಲೇ ಪ್ರತಿ ಕವಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಧ್ವನಿಮುದ್ರಣವನ್ನು ಯೂಟ್ಯೂಬಿಗೆ ಹಾಕಲು ಒಂದು ಸಹಿ, ಕವಿತೆಯನ್ನು ಪುಸ್ತಿಕೆಯಲ್ಲಿ ಅಚ್ಚು ಮಾಡಲು ಇನ್ನೊಂದು ಸಹಿ; ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಒಪ್ಪದಿರಲು ಅವರಿಗೆ ಹಕ್ಕಿದೆ. ತೀರಿಕೊಂಡ ಕವಿಗಳ ಕವಿತೆಗಳನ್ನು ಪುಸ್ತಿಕೆಗೆ ಸೇರಿಸುವಾಗ, ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಉಳಿದಿರುತ್ತದೆಂಬುದನ್ನು ಮರೆಯಬಾರದು. ಅದರ ಪ್ರಕಾರ 1953ರಲ್ಲಿ ತೀರಿಕೊಂಡ ಮಧುರಚೆನ್ನರ ಕವಿತೆಗಳನ್ನು ಈಗ ಮುಕ್ತವಾಗಿ ಅಚ್ಚು ಮಾಡಬಹುದು, ಅವರ ನಂತರದ ಅನೇಕರ ಕವಿತೆಗಳಿಗೆ ವಾರಸುದಾರರ ಅನುಮತಿ ಬೇಕು.

ಕಮ್ಮಟದ ಹದಿನೈದು ಜನರನ್ನು ಎರಡು ತಿಂಗಳ ನಂತರ ಮತ್ತೆ ಒಂದು ಮಧ್ಯಾಹ್ನ ಸೇರಿಸುವ ದಿನಾಂಕವನ್ನು ಭಾನುವಾರ ಹೊರಡುವ ಮೊದಲೇ ಗೊತ್ತುಮಾಡಿ. ಗ್ರಂಥಾಲಯದ ಒಂದು ಕೋಣೆ ಅಥವಾ ಯಾರದಾದರೂ ಮನೆಯ ಪಡಸಾಲೆ ಆದೀತು. ಪ್ರತಿಯೊಬ್ಬರೂ ಅದೇ ಕವಿತೆಯ ತಿದ್ದಿದ ರೂಪವನ್ನು ಹಳೆಯ ಪ್ರತಿಯೊಂದಿಗೆ ತರಬೇಕು, ಯಾಕೆಂದರೆ ಏನನ್ನು ತೆಗೆದರು, ಏನನ್ನು ಉಳಿಸಿಕೊಂಡರು ಎಂಬುದು ಎರಡನ್ನೂ ಪಕ್ಕದಲ್ಲಿಟ್ಟಾಗಲೇ ಕಾಣುತ್ತದೆ. ಜಮಾಖರ್ಚಿನ ಪಟ್ಟಿಯನ್ನು ದೇಣಿಗೆ ಕೊಟ್ಟವರೆಲ್ಲರಿಗೂ ಹದಿನೈದು ದಿನದೊಳಗೆ ಕಳಿಸಿ. ಮುಂದಿನ ವರ್ಷದ ದೇಣಿಗೆ ಕೇಳಲು ಹೋದಾಗ ಆ ಹಾಳೆ ಅವರ ಬಳಿ ಇರಬೇಕು.